ಒಣ ಸ್ಪಂಜು, ಒದ್ದೆ ಕಣ್ಣು

ಮರಣದಂಡನೆಯ ಸಿನಿಮಾ, ಕಾದಂಬರಿಗಳ ಮಾತು ಬಂದಾಗಲೆಲ್ಲ ಎದುರಾಗುವ ಪ್ರಶ್ನೆ ಇದು: "ಅಲ್ಲಿ ತೋರಿಸುವುದೆಲ್ಲ ನಿಜವೇ?" ಕೇಳುವವರ ಮನಸ್ಸಿನಲ್ಲಿರುವುದು ಹೆಚ್ಚಾಗಿ 1999ರ ‘ದ ಗ್ರೀನ್ ಮೈಲ್’. ಮುಟ್ಟಿ ಕಾಯಿಲೆ ವಾಸಿಮಾಡುವ ನಿರಪರಾಧಿ ಕೈದಿ, ಅವನಿಗಾಗಿ ಮರುಗುವ ಕಾವಲುಗಾರರು, ಕರೆಂಟು ಹಾಯಿಸಿ ಕೊಲ್ಲುವ ವಿದ್ಯುತ್ ಕುರ್ಚಿಯ ಸ್ಪಂಜನ್ನು ಬೇಕೆಂದೇ ನೆನೆಸದೆ ಬಿಟ್ಟು ಇನ್ನೊಬ್ಬ ಕೈದಿಯನ್ನು ಸುಟ್ಟು ಸಾಯಿಸುವ ಒಬ್ಬ ದುಷ್ಟ. ಸ್ಪಂಜಿನ ವಿಷಯ ನಿಜ. ಉಳಿದದ್ದಕ್ಕೆ ಅಷ್ಟು ಸುಲಭವಾಗಿ ಹೌದೆನ್ನಲಾರೆ.

ವಿದ್ಯುತ್ ಕುರ್ಚಿಗೆ ಕೂರಿಸುವ ಮುನ್ನ ಕೈದಿಯ ತಲೆಯನ್ನೂ ಒಂದು ಮೀನಖಂಡವನ್ನೂ ಬೋಳಿಸುತ್ತಾರೆ. ತಲೆಗೆ ತೊಡಿಸುವ ಟೋಪಿಯೊಳಗೆ ಕರೆಂಟು ಹಾಯಿಸುವ ಲೋಹದ ಎಲೆಕ್ಟ್ರೋಡ್, ಅದಕ್ಕೂ ಚರ್ಮಕ್ಕೂ ನಡುವೆ ಉಪ್ಪುನೀರಲ್ಲಿ ನೆನೆಸಿದ ಸ್ಪಂಜು. ಇನ್ನೊಂದು ಎಲೆಕ್ಟ್ರೋಡ್ ಕಾಲಿಗೆ. ಕೊಡುವುದು 2,000 ವೋಲ್ಟ್ ಆಸುಪಾಸು. ಒಣ ಚರ್ಮಕ್ಕೆ ವಿದ್ಯುತ್ ರೋಧ ಹೆಚ್ಚು, ರೋಧ ಹೆಚ್ಚಿದ್ದಲ್ಲೇ ಶಾಖವೂ ಹೆಚ್ಚು. ಹಾಗಾಗಿ ಸ್ಪಂಜು ಒಣಗಿದ್ದರೆ ಮೊದಲು ಸುಡುವುದು ಅದು ಮತ್ತು ಅದರಡಿಯ ಚರ್ಮ. ನೀರು ಅತಿಯಾದರೂ ಕೆಡುಕೇ: ಸೋರಿದ ಉಪ್ಪುನೀರಿನ ಜಾಡು ಹಿಡಿದು ಕರೆಂಟು ದೇಹದ ಒಳಗೆ ಹೋಗುವ ಬದಲು ಮೈಮೇಲೆಯೇ ಹರಿಯತೊಡಗುತ್ತದೆ.

ಇಷ್ಟು ಕೆಡಲು ಯಾವ ಕ್ರೂರಿಯೂ ಬೇಕಿಲ್ಲ. 1990ರ ಮೇ ತಿಂಗಳಲ್ಲಿ ಫ್ಲೋರಿಡಾದಲ್ಲಿ ಜೆಸ್ಸಿ ಟಫೆರೊ ಎಂಬಾತನ ತಲೆಯಿಂದ ಬೆಂಕಿ ಎದ್ದಿತು. ಮೂರು ಸಲ ಕರೆಂಟು ಹಾಯಿಸಬೇಕಾಯಿತು. ಅಧಿಕಾರಿಗಳು ಕೊಟ್ಟ ಕಾರಣ, ಸಮುದ್ರದ ಸಹಜ ಸ್ಪಂಜಿನ ಬದಲು ಸಿಂಥೆಟಿಕ್ ಸ್ಪಂಜು ಬಳಸಿದ್ದು. ತಪ್ಪನ್ನೆಲ್ಲ ಒಬ್ಬ ದುಷ್ಟನ ತಲೆಗೆ ಕಟ್ಟುವ ಕತೆ, ಒಳ್ಳೆಯವರು ಸ್ವಿಚ್ ಹಾಕಿದರೆ ಎಲ್ಲ ಸುಸೂತ್ರ ಎಂಬ ಸಮಾಧಾನವನ್ನೂ ಕೊಟ್ಟುಬಿಡುತ್ತದೆ. ನನ್ನ ದೊಡ್ಡ ತಕರಾರು ಇದೇ.

ಪವಾಡ? ಆ ಸಿನಿಮಾ ನಡೆಯುವುದು 1935ರ ಲೂಸಿಯಾನಾದಲ್ಲಿ. (1941ಕ್ಕೆ ಮುಂಚೆ ಅಲ್ಲಿದ್ದದ್ದು ಗಲ್ಲು, ಕುರ್ಚಿಯಲ್ಲ.) ಅದೇ ರಾಜ್ಯದಲ್ಲಿ 1946ರ ಮೇ 3ರಂದು 17 ವರ್ಷದ ಕಪ್ಪು ಹುಡುಗ ವಿಲ್ಲಿ ಫ್ರಾನ್ಸಿಸ್‌ನನ್ನು ಕುರ್ಚಿಗೆ ಬಿಗಿದು ಸ್ವಿಚ್ ಹಾಕಿದರು. ಹುಡುಗ ಸಾಯಲಿಲ್ಲ. ಊರಿಂದೂರಿಗೆ ಸಾಗಿಸುತ್ತಿದ್ದ ಆ ಕುರ್ಚಿಯ ಜೋಡಣೆ ಸರಿಯಿರಲಿಲ್ಲ. ಅವನನ್ನು ಮತ್ತೆ ಕೂರಿಸಬಹುದೇ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟ್ ಮುಟ್ಟಿತು. ಕೂರಿಸಬಹುದೆಂದು 1947ರ ಜನವರಿಯಲ್ಲಿ 5–4ರ ತೀರ್ಪು ಬಂತು. ಆ ಐವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಆಮೇಲೆ ಗೆಳೆಯರೊಬ್ಬರ ಮೂಲಕ ಗುಟ್ಟಾಗಿ ಹುಡುಗನ ಕ್ಷಮಾದಾನಕ್ಕೆ ಪ್ರಯತ್ನಿಸಿದರು. ಮರುಕ ನಿಜವಾದದ್ದೇ, ಆದರೆ ಕೈಯಲ್ಲಿದ್ದ ಮತ ಆಗಲೇ ಹೋಗಿತ್ತು. ಮೇ 9ರಂದು ಕುರ್ಚಿ ಕೆಲಸ ಮಾಡಿತು.

ಕತೆಗಳ ಕರುಣೆಯೂ ಹೀಗೆ ತಡವಾಗಿಯೇ ಬರುತ್ತದೆ: ಕೊನೆಯ ರಾತ್ರಿಯ ಊಟ, ಹಿಡಿದ ಕೈ, ಕಾವಲುಗಾರನ ಕಣ್ಣೀರು. ನಿಜವಾಗಿ ಕಾಪಾಡಿದ್ದು ಬೇರೆಯೇ ಬಗೆಯ ಕೆಲಸ. 1985ರಲ್ಲಿ ಮೇರಿಲ್ಯಾಂಡಿನಲ್ಲಿ ಮರಣದಂಡನೆಗೆ ಗುರಿಯಾದ ಕರ್ಕ್ ಬ್ಲಡ್ಸ್‌ವರ್ತ್ 1993ರಲ್ಲಿ ಹೊರಬಂದದ್ದು ಡಿಎನ್‌ಎ ಪರೀಕ್ಷೆಯ ವರದಿಯಿಂದ. ಇಲಿನಾಯ್‌ನಲ್ಲಿ ನಿರಪರಾಧಿಗಳೂ ಮರಣದಂಡನೆಯ ಸಾಲಿನಲ್ಲಿದ್ದರೆಂಬುದು ಒಂದರ ಮೇಲೊಂದು ಪ್ರಕರಣದಲ್ಲಿ ಬಯಲಾದ ಮೇಲೆ, 2003ರ ಜನವರಿಯಲ್ಲಿ ಗವರ್ನರ್ ಜಾರ್ಜ್ ರಯಾನ್ ನಾಲ್ವರಿಗೆ ಪೂರ್ಣ ಕ್ಷಮಾದಾನ ಕೊಟ್ಟರು; ಮರುದಿನ ಉಳಿದ 167 ಜನರ ಮರಣದಂಡನೆಯನ್ನೂ ಸಹಿ ಹಾಕಿ ಇಳಿಸಿದರು.