ಹೆಡ್‌ಫೋನ್ ಕೆಟ್ಟಿಲ್ಲ, ಆಲ್ಬಮ್ಮೇ ಹಾಗಿದೆ

ಮೊದಲ ಸಲ ಈ ಆಲ್ಬಮ್ ಹಾಕಿದಾಗ ಹೆಡ್‌ಫೋನ್ ಪಿನ್ ಕಿತ್ತು, ಒರೆಸಿ, ಮತ್ತೆ ಚುಚ್ಚಿದೆ. ವೈರನ್ನು ಅಲ್ಲಾಡಿಸಿ ನೋಡಿದೆ. ಕರಕರ ಹೋಗಲಿಲ್ಲ. ಕೊನೆಗೆ ಫೋನಿನ ಸ್ಪೀಕರ್‌ನಲ್ಲೇ ಹಾಕಿದರೆ ಅಲ್ಲೂ ಅದೇ ಕರಕರ!

ಆಲ್ಬಮ್ ಹೆಸರು 'ಡಬಲ್ ನೆಗೆಟಿವ್', ಬ್ಯಾಂಡ್ ಹೆಸರು ಲೋ. ಅಮೆರಿಕದ ಮಿನ್ನೆಸೋಟಾದ ಡುಲೂತ್ ಊರಿನವರು, ಶುರು ಮಾಡಿದ್ದು 1993ರಲ್ಲಿ. ಅಲನ್ ಸ್ಪಾರ್‌ಹಾಕ್ ಮತ್ತು ಮಿಮಿ ಪಾರ್ಕರ್ ಗಂಡ ಹೆಂಡತಿ, ಇಬ್ಬರೂ ಹಾಡುತ್ತಿದ್ದರು. ಎಲ್ಲರೂ ಗಿಟಾರನ್ನು ಕಿರುಚಿಸುತ್ತಿದ್ದ ಕಾಲದಲ್ಲಿ ಇವರು ಆಮೆ ವೇಗದಲ್ಲಿ, ಮೆಲ್ಲಗೆ ನುಡಿಸಿ ಹೆಸರು ಮಾಡಿದವರು. ಮಿಮಿ ಅಂತೂ ನಿಂತುಕೊಂಡು, ಒಂದೆರಡು ಡ್ರಮ್ಮು ಒಂದು ಸಿಂಬಲ್ ಇಟ್ಟುಕೊಂಡು, ಬ್ರಶ್‌ನಲ್ಲಿ ಸವರಿದ ಹಾಗೆ ಬಾರಿಸುತ್ತಿದ್ದರು.

ಅಂಥವರು 2018ರಲ್ಲಿ, ಇಪ್ಪತ್ತೈದು ವರ್ಷ ಆದ ಮೇಲೆ, ಇದನ್ನು ತಂದರು. ಪ್ರೊಡ್ಯೂಸರ್, ಅಂದರೆ ಸ್ಟುಡಿಯೋದಲ್ಲಿ ಕೂತು ಹಾಡಿನ ಶಬ್ದಕ್ಕೆ ರೂಪ ಕೊಟ್ಟವರು, ಬಿ.ಜೆ. ಬರ್ಟನ್. ಅದರ ಹಿಂದಿನ ಆಲ್ಬಮ್ಮಿಗೂ ಅವರೇ ಇದ್ದರು, ಆದರೆ ಅಲ್ಲಿ ಹಾಡು ಹಾಡಿನ ಹಾಗೇ ಇತ್ತು.

ಮೊದಲ ಹಾಡು 'ಕೋರಂ' ಕೇಳಿ. ಡ್ಯಾನ್ಸ್ ಸಂಗೀತದಲ್ಲಿ ಸೈಡ್‌ಚೈನ್ ಅಂತ ಒಂದು ಮಾಮೂಲಿ ಕಸರತ್ತಿದೆ, ಕಿಕ್ ಡ್ರಮ್ ಬಿದ್ದ ಕೂಡಲೇ ಉಳಿದ ಶಬ್ದವೆಲ್ಲ ಕುಗ್ಗುತ್ತದೆ, ಆಮೇಲೆ ಉಬ್ಬಿಕೊಂಡು ವಾಪಸ್ ಬರುತ್ತದೆ. ಇಲ್ಲೂ ಅದೇ ತರಹ ಕುಗ್ಗುತ್ತದೆ, ಉಬ್ಬುತ್ತದೆ. ಆದರೆ ಡ್ರಮ್ಮೇ ಕೇಳಿಸುವುದಿಲ್ಲ! ಬರೀ ಏದುಸಿರು. ಅದರೊಳಗೆ ಇಬ್ಬರ ದನಿ ಸಿಕ್ಕಿಹಾಕಿಕೊಂಡಿದೆ, ಸ್ಟೇಷನ್ ಸರಿಯಾಗಿ ಹಿಡಿಯದ ರೇಡಿಯೋದಲ್ಲಿ ಒಂದು ಒಳ್ಳೆಯ ಹಾಡು ಬಂದು ಹೋಗಿ ಮಾಡುತ್ತದಲ್ಲ, ಹಾಗೆ.

ಗದ್ದಲದ ಆಲ್ಬಮ್‌ಗಳನ್ನು ಬೇಕಾದಷ್ಟು ಕೇಳಿದ್ದೇನೆ. ಜಾಸ್ತಿ ಜನ ಮಾಡುವುದೇನೆಂದರೆ ಹಾಡು ಮುಗಿಸಿ ಮೇಲೆ ಒಗ್ಗರಣೆ ಹಾಕಿದ ಹಾಗೆ ಸ್ವಲ್ಪ ಶಬ್ದ ಚೆಲ್ಲುವುದು. ಇಲ್ಲಿ ಅದನ್ನು ಸೋಸಿ ತೆಗೆಯೋಕೇ ಆಗಲ್ಲ, ತೆಗೆದರೆ ಹಾಡೂ ಜೊತೆಗೇ ಬಂದುಬಿಡುತ್ತದೆ. 'ಟೆಂಪೆಸ್ಟ್'ನಲ್ಲಿ ದನಿ ಎಷ್ಟು ಒಡೆದಿದೆ ಅಂದರೆ ಮಾತೇ ತಿಳಿಯುವುದಿಲ್ಲ, ಆದರೂ ರಾಗ ಹಿಡಿಯಬಹುದು, ಗುನುಗಲೂಬಹುದು. ನನಗಂತೂ ಆಶ್ಚರ್ಯ ಅದೇ.

ಎಲ್ಲ ಹಾಡೂ ಅಷ್ಟೇ ಚೆನ್ನಾಗಿದೆ ಅಂತ ಸುಳ್ಳು ಹೇಳಲ್ಲ. ಹನ್ನೊಂದರಲ್ಲಿ ಒಂದೆರಡು ಸುಮ್ನೆ ಗುಂಯ್ ಅಂದುಕೊಂಡು ಕೂತಿವೆ, ಬಸ್ಸಿನಲ್ಲಿ ಕೇಳಿದರೆ ಇಂಜಿನ್ ಸದ್ದು ಯಾವುದು ಹಾಡು ಯಾವುದು ಗೊತ್ತಾಗುವುದಿಲ್ಲ.

ಆದರೆ 'ಫ್ಲೈ' ಬಂದಾಗ ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ. ಎರಡು ಹಾಡಿನ ಕೆಸರು ದಾಟಿ ಬಂದಿರುತ್ತೀರಿ, ಆಗ ಕೆಳಗೆ ದಪ್ಪ ಬೇಸ್, ಮೇಲೆ ಮಿಮಿಯ ಎತ್ತರದ ದನಿ. ಅಷ್ಟು ಹೊತ್ತು ಕರಕರ ಕೇಳಿದ ಕಿವಿಗೆ ಅದು ಎಷ್ಟು ಹತ್ತಿರ ಅನಿಸುತ್ತದೆ ಗೊತ್ತಾ? ಅದೇ ಹಾಡನ್ನು ಬೇರೆಯಾಗಿ ಹಾಕಿ ನೋಡಿದೆ, ಚೆನ್ನಾಗಿದೆ, ಆದರೆ ಅಷ್ಟು ಆಗಲಿಲ್ಲ. ಮೊದಲಿನ ಎರಡು ಬೇಕೇ ಬೇಕು.

ಮಿಮಿ 2022ರ ನವೆಂಬರ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಮೇಲೆ ಸ್ವಲ್ಪ ದಿನ ಇದನ್ನು ಹಾಕಿರಲಿಲ್ಲ. ಮೊನ್ನೆ ರಾತ್ರಿ ಹಾಕಿದೆ, ಲೈಟ್ ಆರಿಸಿ, ಮೊದಲಿನಿಂದ. ಕರಕರ ಶುರುವಾದಾಗ ಕೈ ತಾನಾಗೇ ವೈರಿನ ಕಡೆ ಹೋಯಿತು.