ಚಿಯಾ ಬೀಜ ಹಾಕ್ಕೊಂಡ್ರೆ ಹೊಟ್ಟೆ ಸರಿಹೋಗುತ್ತಾ? ಯಾವುದಕ್ಕೆ ಹಾಕೋದು?

ದಿನಕ್ಕೆ ಮೂರು ಜನ ಆದ್ರೂ ಇದನ್ನೇ ಕೇಳ್ತಾರೆ. ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮದೊಂದು ಸಣ್ಣ ಸಿರಿಧಾನ್ಯದ ಅಂಗಡಿ ಇದೆ, ಬೆಳಗ್ಗೆ ವಾಕಿಂಗ್ ಮುಗಿಸ್ಕೊಂಡು ಬರೋರು ಚಿಯಾ ಪ್ಯಾಕೆಟ್ ಎತ್ಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ "ಇದನ್ನ ಯಾವುದಕ್ಕೆ ಹಾಕ್ಕೊಂಡು ತಿನ್ನೋದು, ನಿಜವಾಗ್ಲೂ ಮೋಷನ್ ಸರಿಯಾಗುತ್ತಾ" ಅಂತ ಕೇಳ್ತಾರೆ, ಮೋಷನ್ ಅನ್ನೋ ಪದ ಬಂದಾಗ ಮಾತ್ರ ಅಕ್ಕಪಕ್ಕ ನೋಡಿ ದನಿ ಇಳಿಸ್ತಾರೆ. ತಕ್ಕಡಿ ಮುಂದೆ ನಿಂತು ಎಲ್ಲಾ ಹೇಳೋಕಾಗಲ್ಲ, ಹಿಂದೆ ಇನ್ನೊಬ್ರು ಕಾಯ್ತಿರ್ತಾರೆ, ಅದಕ್ಕೆ ಇಲ್ಲಿ ಬರೀತಿದೀನಿ.

ನಾನು ವಾಪಸ್ ಒಂದೇ ಪ್ರಶ್ನೆ ಕೇಳೋದು, ನಿನ್ನೆ ಏನೇನು ತಿಂದ್ರಿ? ಉತ್ತರ ಸುಮಾರಾಗಿ ಒಂದೇ ಥರ ಇರುತ್ತೆ. ಬೆಳಗ್ಗೆ ಇಡ್ಲಿ ಇಲ್ಲ ಸೆಟ್ ದೋಸೆ, ಮಧ್ಯಾಹ್ನ ಅನ್ನ ಸಾರು, ಸಾಯಂಕಾಲ ಕಾಫಿ ಜೊತೆ ಬಿಸ್ಕೆಟ್ ಅಥವಾ ರಸ್ಕು, ರಾತ್ರಿ ಮತ್ತೆ ಅನ್ನ, ಮೊಸರು. ಅಂದ್ರೆ ಬೆಳಗ್ಗೆಯಿಂದ ರಾತ್ರಿವರೆಗೆ ಬಿಳಿ ಅಕ್ಕಿ, ವೇಷ ಮಾತ್ರ ಬೇರೆ ಬೇರೆ. ಮೋಷನ್ ಸಲೀಸಾಗೋಕೆ ಬೇಕಾಗಿರೋದು ನಾರು, ಅಂದ್ರೆ ಫೈಬರ್, ಪಾಲಿಶ್ ಮಾಡಿದ ಅಕ್ಕಿ 100 ಗ್ರಾಂ ತಗೊಂಡ್ರೆ ಅದು 3 ಗ್ರಾಂ ಒಳಗೇ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡೋರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಅನ್ನುತ್ತೆ. ಲೆಕ್ಕ ನೀವೇ ಹಾಕ್ಕೊಳ್ಳಿ.

ಈಗ ಚಿಯಾ ಲೆಕ್ಕ. 100 ಗ್ರಾಂ ಚಿಯಾದಲ್ಲಿ ನಾರು ಸುಮಾರು 34 ಗ್ರಾಂ, ಕೇಳೋಕೆ ಭರ್ಜರಿ, ಆದ್ರೆ 100 ಗ್ರಾಂ ಯಾರೂ ತಿನ್ನಲ್ಲ. ಒಂದು ದೊಡ್ಡ ಚಮಚ ಅಂದ್ರೆ ಸುಮಾರು 12 ಗ್ರಾಂ ಬೀಜ, ಅದರಿಂದ ಸಿಗೋ ನಾರು 4 ಗ್ರಾಂ. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 11 ಗ್ರಾಂ ನಾರಿದೆ, ನಮ್ಮ ಪಾಂಡವಪುರದ ಕಡೆ ಅಮ್ಮ ಕಟ್ಟೋ ಸೈಜಿನ ಒಂದು ಮುದ್ದೆಗೆ 80 ಗ್ರಾಂ ಹಿಟ್ಟಾದ್ರೂ ಹೋಗುತ್ತೆ, ಅಂದ್ರೆ ಒಂದು ಮುದ್ದೆ ಎರಡು ದೊಡ್ಡ ಚಮಚ ಚಿಯಾಗೆ ಸಮ, ಜೊತೆಗೆ ಹುರಳಿಕಾಳು ಸಾರೋ ಸೊಪ್ಪಿನ ಬಸ್ಸಾರೋ ಇದ್ರೆ ಇನ್ನೂ ಮುಂದೆ. ಇದನ್ನ ಗಿರಾಕಿ ಮುಂದೆ ಹೇಳಿದ್ರೆ ನಮ್ಮನೆಯವಳು ಒಳಗಿಂದ "ವ್ಯಾಪಾರ ಮಾಡೋಕೆ ಕೂತಿದ್ದೀರೋ ಓಡ್ಸೋಕೋ" ಅಂತಾಳೆ. ನಿಜ ಹೇಳ್ಬೇಕು ಅಂದ್ರೆ, ದಿನಾ ಮುದ್ದೆ ಸೊಪ್ಪು ಕಾಳು ತಿನ್ನೋ ಮನೆಗೆ ನಾರಿಗೋಸ್ಕರ ಅಂತ ಚಿಯಾ ಬೇಕಾಗಿಲ್ಲ.

ಆದ್ರೆ ಎಷ್ಟು ಜನ ಹಾಗೆ ತಿಂತಿದೀವಿ ಹೇಳಿ. ನಾನೇ ಅಂಗಡಿ ಹಾಕಿದ ಮೇಲೆ ಬೆಳಗ್ಗೆ ಹೋಟೆಲ್ ಇಡ್ಲಿ, ಮಧ್ಯಾಹ್ನ ಡಬ್ಬಿ ಚಿತ್ರಾನ್ನ, ಗಿರಾಕಿ ಇರ್ತಾರೆ ಅಂತ ನೀರು ಕುಡಿಯೋದೂ ಕಮ್ಮಿ, ಎರಡು ದಿನ ಮೂರು ದಿನ ಹೊಟ್ಟೆ ಗಟ್ಟಿ. ರಾಗಿ ಮಾರೋನ ಹೊಟ್ಟೆ ಪರಿಸ್ಥಿತಿ ಇದು. ಆಗ ನಾನೂ ಚಿಯಾ ಶುರು ಮಾಡಿದೆ, ಶುರು ಮಾಡಿದ್ದೂ ತಪ್ಪಾಗೇ. ಒಳ್ಳೇದು ಅಂದ ಮೇಲೆ ಜಾಸ್ತಿ ತಿಂದ್ರೆ ಜಾಸ್ತಿ ಒಳ್ಳೇದು ಅಂದ್ಕೊಂಡು ದಿನಕ್ಕೆ ಮೂರು ಸಲ ಒಂದೊಂದು ದೊಡ್ಡ ಚಮಚ ಬಾಯಿಗೆ ಹಾಕ್ಕೊಂಡು ಎರಡು ಗುಟುಕು ನೀರು ಕುಡಿದು ಕೆಲಸಕ್ಕೆ ನಿಂತ್ಕೊಂಡೆ. ಮೂರನೇ ದಿನಕ್ಕೆ ಹೊಟ್ಟೆ ತಮಟೆ ಆಗಿತ್ತು, ಹೋಗ್ಬೇಕಾದ್ದೂ ಹೋಗ್ಲಿಲ್ಲ, ಗ್ಯಾಸ್ ಬೇರೆ.

ಯಾಕೆ ಹೀಗಾಯ್ತು ಅಂದ್ರೆ, ಈ ಬೀಜ ತನ್ನ ತೂಕದ ಹತ್ತರಷ್ಟು ನೀರು ಹೀರ್ಕೊಳ್ಳುತ್ತೆ. ಸಿಪ್ಪೆಯಲ್ಲಿರೋ ಲೋಳೆ ಅಂಶ ಉಬ್ಬಿ ಸುತ್ತ ಒಂದು ಪದರ ಕಟ್ಕೊಳ್ಳುತ್ತೆ. ಬೀಜಕ್ಕೆ ನೀರು ಲೋಟದಲ್ಲೇ ಕುಡಿಸಿದ್ರೆ ಆ ನೀರನ್ನ ಹಿಡ್ಕೊಂಡೇ ಕರುಳಲ್ಲಿ ಸಾಗುತ್ತೆ, ಮಲ ಮೆತ್ತಗಾಗುತ್ತೆ. ಕುಡಿಸದೇ ಇದ್ರೆ ಒಳಗಿರೋ ನೀರನ್ನೇ ಎಳ್ಕೊಳ್ಳುತ್ತೆ. ಉಳಿದ ಬಹುಪಾಲು ನಾರು ನೀರಲ್ಲಿ ಕರಗದ ಜಾತಿ, ಅದು ಮಲಕ್ಕೆ ಗಾತ್ರ ಕೊಟ್ಟು ಮುಂದೆ ತಳ್ಳುತ್ತೆ, ಅದಕ್ಕೂ ನೀರೇ ಬೇಕು. ಒಣಗಿದ್ದನ್ನ ಹಾಗೇ ನುಂಗೋದು ಬರೀ ಗ್ಯಾಸ್ ವಿಚಾರ ಅಲ್ಲ, ಅಮೆರಿಕದಲ್ಲಿ ಮೊದಲೇ ನುಂಗೋಕೆ ಕಷ್ಟ ಇದ್ದ ಒಬ್ಬರು ಒಂದು ಚಮಚ ಒಣ ಚಿಯಾ ಬಾಯಿಗೆ ಹಾಕ್ಕೊಂಡು ನೀರು ಕುಡಿದು, ಅದು ಅನ್ನನಾಳದಲ್ಲೇ ಉಬ್ಬಿ ಕೂತು, ಡಾಕ್ಟರುಗಳು ಎಂಡೋಸ್ಕೋಪಿ ಮಾಡಿ ತೆಗೆದ ಕೇಸ್ 2014ರಲ್ಲಿ ವರದಿಯಾಗಿದೆ. ವಯಸ್ಸಾದೋರಿಗೆ, ಗಂಟಲಲ್ಲಿ ಊಟ ಸಿಕ್ಕಿಹಾಕ್ಕೊಳ್ಳೋರಿಗೆ ಒಣದಾಗಿ ಕೊಡಲೇಬೇಡಿ. ರಕ್ತ ತೆಳು ಮಾಡೋ ಮಾತ್ರೆ, ಶುಗರ್ ಬೀಪಿ ಮಾತ್ರೆ ತಗೊಳ್ಳೋರು ದಿನಾ ಶುರು ಮಾಡೋ ಮುಂಚೆ ನಿಮ್ಮ ಡಾಕ್ಟರನ್ನ ಒಂದು ಮಾತು ಕೇಳಿ, ಅಂಗಡಿಯವನ್ನ ಅಲ್ಲ. ಮಲದಲ್ಲಿ ರಕ್ತ, ತೂಕ ಇಳಿಯೋದು ಇದ್ರಂತೂ ಬೀಜ ಹುಡುಕ್ಕೊಂಡು ಬರಬೇಡಿ, ಆಸ್ಪತ್ರೆಗೆ ಹೋಗಿ.

ಎಷ್ಟು ಅಂದ್ರೆ, ಮೊದಲ ವಾರ ಒಂದು ಟೀ ಚಮಚ ಸಾಕು. ಒಂದು ದೊಡ್ಡ ಲೋಟ ನೀರಲ್ಲಿ ಹಾಕಿ ಕಲಸಿ, ಐದು ನಿಮಿಷ ಬಿಟ್ಟು ಇನ್ನೊಂದ್ಸಲ ಕಲಸಿ (ಇಲ್ಲಾಂದ್ರೆ ತಳದಲ್ಲಿ ಗಂಟು ಕಟ್ಟುತ್ತೆ), ಅರ್ಧ ಗಂಟೆ ಬಿಡಿ. ಹೊಟ್ಟೆ ಒಗ್ಗಿಕೊಂಡ್ರೆ ಒಂದು ದೊಡ್ಡ ಚಮಚದವರೆಗೆ ಹೋಗಿ. ನಾನು ಅಲ್ಲೇ ನಿಲ್ಲಿಸಿದೀನಿ.

ಇನ್ನು ಯಾವುದಕ್ಕೆ ಹಾಕೋದು. ಇಲ್ಲಿ ನಮ್ಮನೇಲಿ ಆದ ಪ್ರಯೋಗಗಳಿಗೆ ಲೆಕ್ಕ ಇಲ್ಲ. ನೆನೆಸಿಟ್ಟ ಲೋಟನ ಅಮ್ಮ ಮೊದಲ ಸಲ ನೋಡಿ "ಇದೇನ್ಲಾ ಮಗ ಕಪ್ಪೆ ಮೊಟ್ಟೆ" ಅಂದ್ರು, ಅವತ್ತಿಂದ ನಮ್ಮನೇಲಿ ಅದಕ್ಕೆ ಅದೇ ಹೆಸರು. ಮಜ್ಜಿಗೆ ಬೆಸ್ಟ್, ನೆನೆದ ಚಿಯಾ ಹಾಕಿ ಉಪ್ಪು, ಜಜ್ಜಿದ ಶುಂಠಿ, ಕೊತ್ತಂಬರಿ ಸೊಪ್ಪು ಹಾಕಿದ್ರೆ ಲೋಳೆ ಇದೆ ಅಂತಾನೇ ಗೊತ್ತಾಗಲ್ಲ. ರಾಗಿ ಅಂಬಲಿಗೂ ಸರಿಹೋಗುತ್ತೆ, ಅಂಬಲಿನೂ ಜಾರೋದೇ ಇದೂ ಜಾರೋದೇ. ಮೊಸರನ್ನಕ್ಕೆ ಹಾಕಿದ್ರೆ ಹೊತ್ತು ಕಳೆದಂತೆ ಗಟ್ಟಿಯಾಗುತ್ತೆ, ಡಬ್ಬಿಗೆ ಹಾಕೋದಾದ್ರೆ ಹಾಲು ಸ್ವಲ್ಪ ಜಾಸ್ತಿ ಬಿಡಿ. ಅಕ್ಕಿ ರೊಟ್ಟಿ ಹಿಟ್ಟಿಗೆ ಸಬ್ಬಸಿಗೆ ಸೊಪ್ಪು, ಈರುಳ್ಳಿ ಜೊತೆ ನೆನೆದ ಚಿಯಾ ಒಂದು ಚಮಚ ಹಾಕಿ ತಟ್ಟಿದ್ರೆ ರೊಟ್ಟಿ ಬಿರುಕು ಬಿಡಲ್ಲ, ಇದು ನಮ್ಮನೆಯವಳು ಕಂಡುಹಿಡಿದಿದ್ದು, ಕ್ರೆಡಿಟ್ ಅವಳಿಗೇ. ಹುಚ್ಚೆಳ್ಳು ಚಟ್ನಿಪುಡಿ ಮಾಡುವಾಗ ಒಂದು ಹಿಡಿ ಸೇರಿಸಿ ಪುಡಿ ಮಾಡಿದ್ರೂ ಚೆನ್ನಾಗಿರುತ್ತೆ, ಇಡೀ ಬೀಜಕ್ಕಿಂತ ಪುಡಿಯಿಂದ ಅದರ ಒಮೆಗಾ 3 ಅನ್ನೋ ಒಳ್ಳೆ ಕೊಬ್ಬು ಮೈಗೆ ಜಾಸ್ತಿ ಸೇರುತ್ತೆ, ಆದ್ರೆ ಎಣ್ಣೆ ಬೀಜ ಅಲ್ವಾ, ಪುಡಿ ಬೇಗ ಕಮಟು ವಾಸನೆ ಬರುತ್ತೆ, ವಾರಕ್ಕಾಗೋಷ್ಟೇ ಮಾಡಿ. ಬಿಸಿ ಸಾರಿಗೆ ಹಾಕಬೇಡಿ, ಸಾರು ಸಾರಾಗಿ ಉಳಿಯಲ್ಲ. ಉಪ್ಪಿಟ್ಟಿಗೆ ಹಾಕಿದ್ದೆ, ಬೇಡ ಬಿಡಿ.

ಮುದ್ದೆ ಕಥೆ ಮಾತ್ರ ಹೇಳಲೇಬೇಕು. ಎರಡೂ ಸೇರಿದ್ರೆ ಡಬಲ್ ನಾರು ಅಂತ ಎಸರಿಗೇ ಚಿಯಾ ಹಾಕಿ ಹಿಟ್ಟು ಬಿಟ್ಟು ತಿರುವಿದೆ. ಹಿಟ್ಟು ಕೋಲು ಬಿಡಲ್ಲ, ಪಾತ್ರೆ ಬಿಡಲ್ಲ, ಕೈಗೆ ನೀರು ಎಷ್ಟು ಮುಟ್ಟಿಸ್ಕೊಂಡ್ರೂ ಉಂಡೆ ಆಗಲ್ಲ. ಅಮ್ಮ ಒಂದು ತುತ್ತು ಮುರಿದು ಸಾರಲ್ಲಿ ಅದ್ದಿ ನುಂಗೋಕೆ ಹೋಗಿ ತಟ್ಟೆಗೆ ವಾಪಸ್ ಇಟ್ಟು "ರಾಗಿಗೇನ್ಲಾ ರೋಗ ಬಂದಿತ್ತು, ಇದ್ಯಾಕ್ ಹಾಕ್ದೆ" ಅಂದ್ರು. ಅವತ್ತು ಎಲ್ಲಾರೂ ಅನ್ನ ತಿಂದ್ವಿ.

ಕೆಲವರು ಇದು ಕಾಮಕಸ್ತೂರಿ ಬೀಜ ಅಲ್ವಾ ಅಂತಾರೆ. ಅಲ್ಲ. ಎರಡೂ ತುಳಸಿ ಕುಟುಂಬದವೇ, ದಾಯಾದಿಗಳು ಅಂದ್ಕೊಳ್ಳಿ. ಗ್ರಂಥಿಗೆ ಅಂಗಡಿಯಲ್ಲಿ ಸಿಗೋ ಕಾಮಕಸ್ತೂರಿ ಪೂರ್ತಿ ಕಪ್ಪು, ನೀರಿಗೆ ಹಾಕಿದ ಐದು ನಿಮಿಷಕ್ಕೆ ಉಬ್ಬುತ್ತೆ. ಚಿಯಾ ಬೂದು, ಕಂದು, ಬಿಳಿ ಮಚ್ಚೆ ಮಚ್ಚೆ, ಮೇಲ್ಮೈ ನುಣುಪು, ಉಬ್ಬೋಕೆ ನಿಧಾನ. ಫಾರಿನ್ ಸಾಮಾನು ಅಂತ ಮೂಗು ಮುರಿಯೋರಿಗೂ ಒಂದು ಮಾತು, ಮೂಲ ಮೆಕ್ಸಿಕೋ, ಗ್ವಾಟೆಮಾಲಾ ಕಡೆದು ನಿಜ, ಆದ್ರೆ ನಮ್ಮ ದೇಶದಲ್ಲಿ ಇದನ್ನ ಬೆಳೆಯೋಕೆ ರೈತರ ಕೈಗೆ ಬೀಜ ಕೊಟ್ಟು ಮುಂದೆ ತಂದಿದ್ದು ಇಲ್ಲೇ ಮೈಸೂರಿನ ಚೆಲುವಾಂಬ ಮ್ಯಾನ್ಷನ್ನಲ್ಲಿರೋ ಕೇಂದ್ರದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು, ಎಚ್.ಡಿ. ಕೋಟೆ ಕಡೆ ರೈತರು ಬೆಳೆದಿದ್ದಾರೆ.

ಚಿಯಾದಲ್ಲಿ ಬಿಳಿ ಒಳ್ಳೇದಾ ಕಪ್ಪು ಒಳ್ಳೇದಾ ಅಂತ ಕೇಳಬೇಡಿ, ಹೆಚ್ಚುಕಮ್ಮಿ ಒಂದೇ, ಯಾವುದು ಕಮ್ಮಿ ರೇಟೋ ಅದನ್ನ ತಗೊಳ್ಳಿ.

ಹೋದ ವಾರ ಒಬ್ರು ರಿಟೈರ್ಡ್ ಮೇಷ್ಟ್ರು ಇಷ್ಟೂ ಪುರಾಣ ಕೇಳಿ ಚಿಯಾ ಪ್ಯಾಕೆಟ್ ವಾಪಸ್ ಇಟ್ಟು ಎರಡು ಕೆಜಿ ರಾಗಿ ಹಿಟ್ಟು ತೂಗಿಸ್ಕೊಂಡ್ರು. ಮೆಟ್ಟಿಲು ಇಳಿದೋರು ಮತ್ತೆ ಹತ್ತಿ ಬಂದು, "ಮನೇಲಿ ಮುದ್ದೆ ಕಟ್ಟೋಕೆ ಯಾರಿಗೂ ಬರಲ್ಲ ಕಣಪ್ಪ, ಅದನ್ನೂ ನೂರು ಗ್ರಾಂ ಕೊಡು" ಅಂದ್ರು.