ಪೌಲೆಟಾ ತಮ್ಮ ದೇಶದ ಲೀಗ್‌ನಲ್ಲಿ ಯಾಕೆ ಆಡಲಿಲ್ಲ?

ಪೋರ್ಚುಗಲ್ ಫುಟ್‌ಬಾಲ್ ಮಾತು ಬಂದರೆ ಎಲ್ಲರೂ ರೊನಾಲ್ಡೊ ಹೆಸರು ಹೇಳುತ್ತಾರೆ. ಸ್ವಲ್ಪ ವಯಸ್ಸಾದವರು ಫಿಗೊ ಅನ್ನುತ್ತಾರೆ. ನಾನು ಪೌಲೆಟಾ ಅನ್ನುತ್ತೇನೆ. ಹೆಸರು ಕೇಳಿರದವರಿಗೆ ಲೆಕ್ಕ ಹೇಳುತ್ತೇನೆ. ದೇಶಕ್ಕಾಗಿ 88 ಪಂದ್ಯ, 47 ಗೋಲು. 2014ರಲ್ಲಿ ರೊನಾಲ್ಡೊ ದಾಟುವ ತನಕ ಅದೇ ಪೋರ್ಚುಗಲ್‌ನ ದಾಖಲೆ. ಇಷ್ಟಾದರೂ ಆ ದೇಶದ ಮೊದಲ ದರ್ಜೆ ಲೀಗ್‌ನಲ್ಲಿ ಪೌಲೆಟಾ ಒಂದೇ ಒಂದು ಪಂದ್ಯ ಆಡಿಲ್ಲ.

ಆಗ ತಪ್ಪದೆ ಬರುವ ಪ್ರಶ್ನೆ ಇದು: "ಅಷ್ಟು ಒಳ್ಳೆ ಆಟಗಾರ ಆಗಿದ್ರೆ ಬೆನ್ಫಿಕಾ, ಪೋರ್ಟೊ, ಸ್ಪೋರ್ಟಿಂಗ್, ಅಲ್ಲಿನ ಈ ಮೂರು ದೊಡ್ಡ ಕ್ಲಬ್‌ಗಳಲ್ಲಿ ಯಾರೂ ಯಾಕೆ ಕರ್ಕೊಳ್ಳಲಿಲ್ಲ?" ಎಷ್ಟೋ ಸಲ ಬಾಯಲ್ಲೇ ಉತ್ತರ ಕೊಟ್ಟಿದ್ದೇನೆ. ಇವತ್ತು ಸಾವಕಾಶವಾಗಿ ಬರೆಯುತ್ತೇನೆ.

ಮೊದಲು ಭೂಪಟ ನೋಡಬೇಕು. ಪೌಲೆಟಾ ಹುಟ್ಟಿದ್ದು 1973ರಲ್ಲಿ, ಅಜೋರ್ಸ್ ದ್ವೀಪಗಳಲ್ಲಿ ಒಂದಾದ ಸಾವ್ ಮಿಗೆಲ್‌ನಲ್ಲಿ. ಅಟ್ಲಾಂಟಿಕ್ ಸಾಗರದ ನಡುವೆ ಒಂಬತ್ತು ದ್ವೀಪಗಳು. ಅಲ್ಲಿಂದ ಲಿಸ್ಬನ್‌ಗೆ ಸುಮಾರು 1400 ಕಿಲೋಮೀಟರ್, ಬರೀ ನೀರು. ಗಡಿಯಾರ ಕೂಡ ಲಿಸ್ಬನ್‌ಗಿಂತ ಒಂದು ಗಂಟೆ ಹಿಂದೆ. ಆ ದ್ವೀಪಗಳ ಒಂದು ತಂಡ ಮೊದಲ ಸಲ ದೇಶದ ಮೊದಲ ದರ್ಜೆಗೆ ಏರಿದ್ದು 1999ರಲ್ಲಿ, ಅದು ಸಾಂಟಾ ಕ್ಲಾರಾ. ಅಷ್ಟು ಹೊತ್ತಿಗೆ ಪೌಲೆಟಾ ಸ್ಪೇನ್‌ನಲ್ಲಿದ್ದರು. ಅವರು ಹುಡುಗನಾಗಿ ಗೋಲು ಹೊಡೆಯುತ್ತಿದ್ದ ಮೈದಾನಗಳಿಗೆ ದೊಡ್ಡ ಕ್ಲಬ್‌ಗಳ ಕಣ್ಣು ಬೀಳುತ್ತಿದ್ದದ್ದು ಅಪರೂಪಕ್ಕೆ.

ಇನ್ನೊಂದು ವಿಷಯ. ಅಜೋರ್ಸ್ ಜನಕ್ಕೆ ಊರು ಬಿಡುವುದು ಹೊಸದೇನಲ್ಲ. 1957ರಲ್ಲಿ ಫಾಯಲ್ ದ್ವೀಪದ ಪಕ್ಕದ ಕಡಲಲ್ಲಿ ಜ್ವಾಲಾಮುಖಿ ಎದ್ದಿತು. ಬೂದಿಯಲ್ಲಿ ಮನೆ, ಹೊಲ ಎಲ್ಲ ಹೂತುಹೋದವು. ಮರುವರ್ಷ ಅಮೆರಿಕ ಅವರಿಗೆಂದೇ ಒಂದು ಕಾನೂನು ಮಾಡಿ ಬಾಗಿಲು ತೆರೆಯಿತು. ಸಾವಿರಾರು ಕುಟುಂಬಗಳು ಹೊರಟವು. ಇವತ್ತಿಗೂ ಮ್ಯಾಸಚೂಸೆಟ್ಸ್‌ನ ಫಾಲ್ ರಿವರ್, ನ್ಯೂ ಬೆಡ್‌ಫರ್ಡ್ ಊರುಗಳಲ್ಲಿ ಅಜೋರ್ಸ್ ಮೂಲದವರು ತುಂಬಾ ಇದ್ದಾರೆ. ಇಂಥ ನೆಲದ ಹುಡುಗನಿಗೆ ಲಿಸ್ಬನ್ ಕೂಡ ಪರಊರೇ. ಸಮುದ್ರ ದಾಟಿದ ಮೇಲೆ ಅದು ಲಿಸ್ಬನ್ ಆದರೇನು, ಪ್ಯಾರಿಸ್ ಆದರೇನು ಅಂತ ನನಗೆ ಅನ್ನಿಸುತ್ತದೆ.

1995ರಲ್ಲಿ ಅವರು ಸಮುದ್ರ ದಾಟಿದರು. ಸೇರಿದ್ದು ಲಿಸ್ಬನ್ ಹತ್ತಿರದ ಎಸ್ಟೊರಿಲ್ ತಂಡವನ್ನು. ಅದು ಆಗ ಎರಡನೇ ದರ್ಜೆಯಲ್ಲಿತ್ತು. ಅಲ್ಲಿದ್ದದ್ದು ಒಂದೇ ಸೀಸನ್. ಯುರೋಪಿನ ಪೋರ್ಚುಗಲ್ ನೆಲದಲ್ಲಿ ಅವರ ಲೀಗ್ ಆಟ ಅಲ್ಲಿಗೇ ಮುಗಿಯಿತು.

ಯಾಕೆ ಅಂದರೆ, ಅದೇ ವರ್ಷದ ಡಿಸೆಂಬರ್‌ನಲ್ಲಿ ಬೊಸ್ಮನ್ ತೀರ್ಪು ಬಂತು. ಬೆಲ್ಜಿಯಂನ ಆಟಗಾರ ಜಾನ್ ಮಾರ್ಕ್ ಬೊಸ್ಮನ್ ತಮ್ಮ ಕ್ಲಬ್ ಮೇಲೆ ಹಾಕಿದ ಕೇಸು ಯುರೋಪಿನ ನ್ಯಾಯಾಲಯದ ತನಕ ಹೋಗಿತ್ತು. ಕರಾರು ಮುಗಿದ ಆಟಗಾರನನ್ನು ದುಡ್ಡಿಗಾಗಿ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ, ಯುರೋಪಿಯನ್ ಒಕ್ಕೂಟದ ಆಟಗಾರರನ್ನು ವಿದೇಶಿಯರ ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ ಎಂದು ನ್ಯಾಯಾಲಯ ಹೇಳಿತು. ಅಲ್ಲಿಯ ತನಕ ಒಂದು ತಂಡದಲ್ಲಿ ಇಷ್ಟೇ ವಿದೇಶಿಯರು ಅಂತ ಮಿತಿ ಇತ್ತು. ಆ ಕೆಲವು ಜಾಗಗಳನ್ನು ಹೆಸರಾದ ಆಟಗಾರರಿಗೇ ಇಡುತ್ತಿದ್ದರು. ಎರಡನೇ ದರ್ಜೆಯ ಪೋರ್ಚುಗೀಸ್ ಹುಡುಗನಿಗೆ ಯಾರು ಕೊಡುತ್ತಾರೆ ಹೇಳಿ? ತೀರ್ಪಿನಿಂದ ಆ ಗೋಡೆ ಬಿತ್ತು. 1996ರ ಬೇಸಿಗೆಯಲ್ಲಿ ಗಡಿಯಾಚೆಯ ಸ್ಪೇನ್‌ನ ಸಾಲಮಾಂಕಾ ಕ್ಲಬ್ ಪೋರ್ಚುಗಲ್ ಆಟಗಾರರನ್ನು ಒಟ್ಟಿಗೆ ತಂದುಕೊಂಡಿತು. ಅಲ್ಲಿನ ಕೋಚ್ ಜೊವಾವ್ ಆಲ್ವೆಸ್ ಕೂಡ ಪೋರ್ಚುಗಲ್‌ನವರೇ. ಬಂದವರಲ್ಲಿ ಪೌಲೆಟಾ ಒಬ್ಬರು.

ಅಂದರೆ ಬೆನ್ಫಿಕಾ, ಪೋರ್ಟೊ ನೋಡಿ ಬೇಡ ಅಂದರು ಅನ್ನುವುದು ಪೂರ್ತಿ ಚಿತ್ರ ಅಲ್ಲ. ಅವರು ಸರಿಯಾಗಿ ನೋಡುವಷ್ಟರಲ್ಲಿ ಬಾಗಿಲು ತೆರೆದಿತ್ತು, ಇವರು ಹೊರಟಿದ್ದರು. ಮೊದಲ ಸೀಸನ್‌ನಲ್ಲೇ 19 ಗೋಲು ಹೊಡೆದು ಸ್ಪೇನ್‌ನ ಎರಡನೇ ದರ್ಜೆಯಲ್ಲಿ ಎಲ್ಲರಿಗಿಂತ ಮುಂದೆ ನಿಂತರು. ಸಾಲಮಾಂಕಾ ಮೊದಲ ದರ್ಜೆಗೆ ಏರಿತು. ಅಲ್ಲೂ ಮೊದಲ ವರ್ಷವೇ 15 ಗೋಲು.

ಮುಂದೆ ಡೆಪೊರ್ಟಿವೊ ಲಾ ಕೊರೂನ್ಯ. ಗಲೀಸಿಯಾದ ತಂಡ ಅದು, ಅಲ್ಲಿನ ಮಾತು ಪೋರ್ಚುಗೀಸಿಗೆ ತುಂಬಾ ಹತ್ತಿರ. 2000ದಲ್ಲಿ ಆ ತಂಡ ಸ್ಪೇನ್ ಲೀಗ್ ಗೆದ್ದಿತು. ಕ್ಲಬ್ ಚರಿತ್ರೆಯಲ್ಲೇ ಇರುವ ಒಂದೇ ಲೀಗ್ ಗೆಲುವು ಅದು. ಆದರೆ ಗೋಲು ಹೊಡೆಯುವ ಸ್ಟ್ರೈಕರ್ ಜಾಗದಲ್ಲಿ ಡಚ್ ಆಟಗಾರ ರಾಯ್ ಮಕಾಯ್ ಇದ್ದರು. ಪೌಲೆಟಾ ಸಾಕಷ್ಟು ಸಲ ಬೆಂಚಿನಲ್ಲಿ ಕೂರಬೇಕಾಯಿತು.

ಹಾಗಾಗಿ ಫ್ರಾನ್ಸ್‌ಗೆ ಹೋದರು, ಬೋರ್ಡೊ ತಂಡಕ್ಕೆ. ಮೊದಲ ಪಂದ್ಯ ನಾಂಟ್ ವಿರುದ್ಧ, ನಾಂಟ್ ಮೈದಾನದಲ್ಲೇ. ಬೋರ್ಡೊ 5–0 ಗೆದ್ದಿತು, ಅದರಲ್ಲಿ ಮೂರು ಗೋಲು ಪೌಲೆಟಾ ಅವರದು. ಆ ಸೀಸನ್ ಕೊನೆಗೆ ಚಾಂಪಿಯನ್ ಆಗಿದ್ದು ಅದೇ ನಾಂಟ್ ತಂಡ! ಫ್ರಾನ್ಸ್‌ನಲ್ಲಿ ಗೋಲು ಹೊಡೆಯೋದು ಸುಲಭ ಅಂತ ಹೇಳುವವರು ಇದನ್ನು ನೆನಪಿಡಬೇಕು. 2002ರಲ್ಲಿ 22 ಗೋಲು ಹೊಡೆದು ಜಿಬ್ರಿಲ್ ಸಿಸೆ ಜೊತೆ ಫ್ರೆಂಚ್ ಲೀಗ್‌ನ ಗೋಲು ಪಟ್ಟಿಯಲ್ಲಿ ಮೊದಲ ಸ್ಥಾನ ಹಂಚಿಕೊಂಡರು.

ನಾನು ಅವರನ್ನು ಮೊದಲು ನೋಡಿದ್ದು ಆಗಲೇ. 2002ರ ವಿಶ್ವಕಪ್, ಜೂನ್ 10, ಪೋಲೆಂಡ್ ವಿರುದ್ಧ. ಕೊರಿಯಾದ ಜೊಂಜುನಲ್ಲಿ ರಾತ್ರಿ, ನಮಗೆ ಸಂಜೆ ಐದು ಗಂಟೆ. ಅಲ್ಲೂ ಮಳೆ, ನಮ್ಮಲ್ಲೂ ಮುಂಗಾರು. ಟಿವಿ ಮುಂದೆ ನಾನು ಫಿಗೊ ನೋಡಲು ಕೂತಿದ್ದೆ. ಎದ್ದಾಗ ತಲೆಯಲ್ಲಿ ಪೌಲೆಟಾ ಇದ್ದರು. 14ನೇ ನಿಮಿಷ, 65ನೇ ನಿಮಿಷ, 77ನೇ ನಿಮಿಷ, ಮೂರು ಗೋಲು. ಪ್ರತಿ ಗೋಲಿಗೂ ಎರಡು ಕೈ ಚಾಚಿ ಹಕ್ಕಿಯ ಹಾಗೆ ಓಡಿದರು. ಅಜೋರ್ಸ್ ಬಾವುಟದಲ್ಲಿ ರೆಕ್ಕೆ ಬಿಚ್ಚಿದ ಗಿಡುಗ ಇದೆ, ಮೇಲೆ ಒಂಬತ್ತು ದ್ವೀಪಗಳಿಗೆ ಒಂಬತ್ತು ನಕ್ಷತ್ರ. ಅದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

2003ರಲ್ಲಿ ಅವರು ಪ್ಯಾರಿಸ್ ಸೇಂಟ್ ಜರ್ಮನ್ ಸೇರಿದರು. ರೊನಾಲ್ಡಿನ್ಯೊ ಬಾರ್ಸಿಲೋನಾಗೆ ಹೋದ ಬೇಸಿಗೆ ಅದು. ಕತಾರ್‌ನವರು ಕ್ಲಬ್ ಕೊಂಡು ದುಡ್ಡು ಸುರಿಯಲು ಇನ್ನೂ ಎಂಟು ವರ್ಷ ಇತ್ತು. ತಂಡ ಒಂದು ವರ್ಷ ಏಳುತ್ತಿತ್ತು, ಇನ್ನೊಂದು ವರ್ಷ ಬೀಳುತ್ತಿತ್ತು. ಅವರ ಐದು ವರ್ಷದಲ್ಲಿ ಲೀಗ್ ಒಮ್ಮೆಯೂ ಗೆಲ್ಲಲಿಲ್ಲ. 2008ರಲ್ಲಂತೂ ಕೆಳ ದರ್ಜೆಗೆ ಬೀಳುವುದರಿಂದ ಪಾರಾಗಿದ್ದು ಕೊನೆಯ ದಿನ. ಅಂಥ ತಂಡದಲ್ಲಿ ಪೌಲೆಟಾ 109 ಗೋಲು ಹೊಡೆದರು. 2004ರ ಫ್ರೆಂಚ್ ಕಪ್ ಫೈನಲ್‌ನ ಒಂದೇ ಗೋಲು ಅವರದು. ಅದೇ ವಸಂತದಲ್ಲಿ ಮಾರ್ಸೆ ವಿರುದ್ಧ ಹೊಡೆದ ಗೋಲನ್ನು ಪ್ಯಾರಿಸ್‌ನವರು ಇನ್ನೂ ನೆನೆಯುತ್ತಾರೆ. ಎದುರಿಗೆ ವಿಶ್ವಕಪ್ ಗೆದ್ದ ಗೋಲ್‌ಕೀಪರ್ ಬಾರ್ತೆಜ್. ಕೋನ ತೀರಾ ಕಿರಿದು. ಗುರಿ ಇಡಲೂ ಜಾಗ ಇಲ್ಲದ ಕಡೆಯಿಂದ ಚೆಂಡನ್ನು ಮೆಲ್ಲಗೆ ಅವರ ಮೇಲಿಂದ ಎತ್ತಿ ಬಲೆಗೆ ಇಳಿಸಿದರು. ಸಮಯ ಸಿಕ್ಕಾಗ ನೋಡಿ.

ಪ್ಯಾರಿಸ್‌ನಲ್ಲಿ ಇನ್ನೊಂದು ಕಥೆ ಇದೆ. 1960ರ ದಶಕದಲ್ಲಿ ಸಾಲಾಜಾರ್ ಸರ್ವಾಧಿಕಾರ, ಬಡತನ, ಆಫ್ರಿಕಾದ ಯುದ್ಧಕ್ಕೆ ಕಡ್ಡಾಯ ಸೇನೆ, ಇವುಗಳಿಂದ ತಪ್ಪಿಸಿಕೊಂಡು ಲಕ್ಷಾಂತರ ಪೋರ್ಚುಗೀಸರು ಫ್ರಾನ್ಸ್‌ಗೆ ಬಂದರು. ತುಂಬಾ ಜನ ಕದ್ದುಮುಚ್ಚಿ ಗಡಿ ದಾಟಿದವರು. ಪ್ಯಾರಿಸ್ ಹೊರಗಿನ ಶಾಂಪಿನ್ಯಿಯಲ್ಲಿ ಕೆಸರಿನ ನಡುವೆ ತಗಡಿನ ಗುಡಿಸಲುಗಳಲ್ಲಿ ಬದುಕಿದರು. ಗಂಡಸರು ಕಟ್ಟಡ ಕೆಲಸ ಮಾಡಿದರು. ಹೆಂಗಸರು ಮನೆಗೆಲಸ ಮಾಡಿದರು, ಅಪಾರ್ಟ್‌ಮೆಂಟ್ ಕಾವಲು ಕಾದರು. ಆ ನಗರದ ತಂಡಕ್ಕೆ ಅಜೋರ್ಸ್‌ನ ಒಬ್ಬ ಕ್ಯಾಪ್ಟನ್ ಆದಾಗ ಅವರ ಮನೆಗಳಲ್ಲಿ ಏನಾಗಿರಬೇಡ! ಬೆನ್ಫಿಕಾದಲ್ಲಿ ಆಡಿದ್ದರೆ ಈ ಜನಕ್ಕೆ ಪೌಲೆಟಾ ಸಿಗುತ್ತಿರಲಿಲ್ಲ ಅಲ್ವಾ?

ದೂರುಗಳೂ ಇವೆ, ಅದನ್ನು ಮುಚ್ಚಿಡಲಾರೆ. 2004ರ ಯುರೋ ಕಪ್ ಪೋರ್ಚುಗಲ್‌ನಲ್ಲೇ ನಡೆಯಿತು. ಅಲ್ಲಿ ಪೌಲೆಟಾ ಒಂದು ಗೋಲೂ ಹೊಡೆಯಲಿಲ್ಲ. ಸ್ಪೇನ್ ವಿರುದ್ಧ ಅವರ ಬದಲಿಗೆ ಬಂದ ನುನೊ ಗೋಮೆಸ್ ಗೆಲುವಿನ ಗೋಲು ಹೊಡೆದರು. ಫೈನಲ್‌ನಲ್ಲಿ ಗ್ರೀಸ್ ಎದುರು ದೇಶ ಸೋತಿತು. ನನಗೆ ಆ ಬೇಸಿಗೆ ಇವತ್ತೂ ನೋಯುತ್ತದೆ. ಆದರೆ ಮುಂದಿನ ವಿಶ್ವಕಪ್‌ಗೆ ತಂಡವನ್ನು ಕರೆದೊಯ್ದ ಅರ್ಹತಾ ಪಂದ್ಯಗಳಲ್ಲಿ 11 ಗೋಲು ಹೊಡೆದದ್ದು ಅವರೇ. 2005ರ ಅಕ್ಟೋಬರ್‌ನಲ್ಲಿ ಪೋರ್ಟೊ ನಗರದಲ್ಲಿ ಲಾಟ್ವಿಯಾ ವಿರುದ್ಧ ಎರಡು ಗೋಲು ಹೊಡೆದು ಯೂಸೇಬಿಯೊ ಅವರ 41 ಗೋಲುಗಳ ದಾಖಲೆ ದಾಟಿದರು.

ಇಲ್ಲಿ ಒಂದು ಗಮನಿಸಿ. ಪೋರ್ಚುಗಲ್‌ಗಾಗಿ ಅತಿ ಹೆಚ್ಚು ಗೋಲು ಹೊಡೆದ ಮೊದಲ ಮೂವರು ಯಾರು? ರೊನಾಲ್ಡೊ ಮಡೈರಾ ದ್ವೀಪದವರು. ಪೌಲೆಟಾ ಅಜೋರ್ಸ್‌ನವರು. ಯೂಸೇಬಿಯೊ ಆಫ್ರಿಕಾದ ಮೊಜಾಂಬಿಕ್‌ನವರು. ಮೂವರಲ್ಲಿ ಒಬ್ಬರೂ ಯುರೋಪಿನ ಪೋರ್ಚುಗಲ್ ನೆಲದಲ್ಲಿ ಹುಟ್ಟಿದವರಲ್ಲ. ಯೂಸೇಬಿಯೊ ಮತ್ತು ರೊನಾಲ್ಡೊ ಇಬ್ಬರನ್ನೂ ಲಿಸ್ಬನ್ ಕರೆಸಿಕೊಂಡು ಬೆಳೆಸಿತು. ಪೌಲೆಟಾ ಸುತ್ತಿಕೊಂಡು ಬಂದರು, ಸ್ಪೇನ್ ಮತ್ತು ಫ್ರಾನ್ಸ್ ಮೇಲಿಂದ. ಅದಕ್ಕೇ ನನಗೆ ಅವರ ಮೇಲೆ ಪ್ರೀತಿ ಜಾಸ್ತಿ.

2008ರಲ್ಲಿ ಅವರು ಪ್ಯಾರಿಸ್ ಬಿಟ್ಟರು. ಅವರ 109 ಗೋಲುಗಳ ಕ್ಲಬ್ ದಾಖಲೆಯನ್ನು 2015ರಲ್ಲಿ ಇಬ್ರಾಹಿಮೊವಿಚ್ ಮುರಿದರು. ಪೌಲೆಟಾ ಸಾವ್ ಮಿಗೆಲ್‌ಗೆ ಮರಳಿದರು. ಅಲ್ಲಿನ ಮಕ್ಕಳಿಗೆ ಅವರು ಕಟ್ಟಿದ ಫುಟ್‌ಬಾಲ್ ಶಾಲೆ ಇದೆ. ಈಗ ಆ ದ್ವೀಪದ ಹುಡುಗರು ಚೆಂಡು ಒದೆಯುವಾಗ ಬದಿಯಲ್ಲಿ ನಿಂತು ನೋಡಲು ಒಬ್ಬರಿದ್ದಾರೆ.